ಚೆಂಡು ನಮ್ಮದು, ಕ್ಲಬ್ಬು ಯಾರದು?

ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಸುಮಾರು ಒಂದು ಗಂಟೆಯಲ್ಲಿ ಕೊಲ್ಹಾಪುರ. ಅಲ್ಲಿಯ ಶಾಹು ಸ್ಟೇಡಿಯಂನಲ್ಲಿ ಫುಟ್‌ಬಾಲ್ ಪಂದ್ಯವಿದ್ದರೆ ಇಡೀ ಪೇಟೆಯೇ ಗ್ಯಾಲರಿಗೆ ಬಂದು ಕೂತಂತಿರುತ್ತದೆ. ತಂಡಗಳ ಹೆಸರು ಕೇಳಿ: ಪಾಟಾಕಡೀಲ ತಾಲೀಮ್ ಮಂಡಳ, ದಿಲ್‌ಬಹಾರ್ ತಾಲೀಮ್ ಮಂಡಳ, ಶಿವಾಜಿ ತರುಣ ಮಂಡಳ. ತಾಲೀಮೆಂದರೆ ಗರಡಿಮನೆ. ಕುಸ್ತಿಯ ಊರಿನಲ್ಲಿ ಫುಟ್‌ಬಾಲನ್ನೂ ಓಣಿಯ ಜನರೇ ಸಾಕಿ ಬೆಳೆಸಿದ್ದಾರೆ. ಈ ತಂಡಗಳ ಮಾಲೀಕರು ಯಾರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ತಂಡ ಓಣಿಯದು, ಅಷ್ಟೇ.

ಜಗತ್ತಿನ ದೊಡ್ಡ ಫುಟ್‌ಬಾಲಿನಲ್ಲಾದರೋ ಈಗ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಕ್ಲಬ್ಬಿನ ಊರು ಒಂದು, ಒಡೆಯನ ದೇಶ ಇನ್ನೊಂದು. ಒಡೆಯ ಬದಲಾದರೆ ಬಾಗಿಲ ಮೇಲಿನ ಫಲಕ ಮಾತ್ರ ಬದಲಾಗುವುದಿಲ್ಲ. ಲೀಗಿನ ಕಟ್ಟಳೆಗಳೂ ಅಲುಗಾಡುತ್ತವೆ.

ಏಣಿ ಮತ್ತು ಅಟ್ಟ

ಯುರೋಪಿನ ಲೀಗುಗಳ ಜೀವಾಳ ಬಡ್ತಿ-ಹಿಂಬಡ್ತಿಯ ಪದ್ಧತಿ. ಮೇಲಿನ ದರ್ಜೆಯಲ್ಲಿ ಕೊನೆಗೆ ನಿಂತ ತಂಡಗಳು ಮುಂದಿನ ವರ್ಷ ಕೆಳಗಿಳಿಯುತ್ತವೆ, ಕೆಳಗೆ ಗೆದ್ದವು ಮೇಲೇರುತ್ತವೆ. ಸಣ್ಣ ಊರಿನ ತಂಡಕ್ಕೂ ಏಣಿ ಇದೆ ಎಂಬುದೇ ಇದರ ಸೊಗಸು. ಆದರೆ ಕೋಟಿಗಟ್ಟಲೆ ಹಣ ಸುರಿದವನಿಗೆ ಇದೇ ಏಣಿ ಭಯದ ಮೂಲ. ಒಂದು ವರ್ಷ ಕೆಟ್ಟರೆ ಟಿವಿಯಿಂದ ಬರುವ ವರಮಾನ ಕುಸಿಯುತ್ತದೆ. ಅಮೆರಿಕದ ದೊಡ್ಡ ಲೀಗುಗಳಲ್ಲಿ ಈ ಭಯವಿಲ್ಲ. ಅಲ್ಲಿ ಎಷ್ಟು ಸೋತರೂ ತಂಡ ಕೆಳಗಿಳಿಯುವುದಿಲ್ಲ.

2021ರ ಏಪ್ರಿಲ್ 18ರಂದು ಯುರೋಪಿನ 12 ಶ್ರೀಮಂತ ಕ್ಲಬ್ಬುಗಳು ತಮ್ಮದೇ 'ಸೂಪರ್ ಲೀಗ್' ಸಾರಿದವು. ಸ್ಥಾಪಕ ಕ್ಲಬ್ಬುಗಳಿಗೆ ಹಿಂಬಡ್ತಿ ಇಲ್ಲ ಎಂಬುದೇ ಅದರ ತಿರುಳು. ಸೇರಿದ್ದ ಆರು ಇಂಗ್ಲಿಷ್ ಕ್ಲಬ್ಬುಗಳ ಪೈಕಿ ಐದಕ್ಕೆ ಆಗ ಹೊರದೇಶದ ಒಡೆತನ: ಲಿವರ್‌ಪೂಲ್, ಆರ್ಸೆನಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಅಮೆರಿಕದ್ದು, ಮ್ಯಾಂಚೆಸ್ಟರ್ ಸಿಟಿಗೆ ಅಬುಧಾಬಿಯದ್ದು, ಚೆಲ್ಸಿಗೆ ರಷ್ಯದ್ದು. ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನಗಳಲ್ಲಿ ಇಂಗ್ಲಿಷ್ ಕ್ಲಬ್ಬುಗಳು ಹಿಂದೆ ಸರಿದವು. 2025ರಲ್ಲಿ ಬ್ರಿಟನ್ ಫುಟ್‌ಬಾಲಿಗೆಂದೇ ಕಾನೂನು ತಂದು ಸ್ವತಂತ್ರ ನಿಯಂತ್ರಕರನ್ನು ನೇಮಿಸುವ ಏರ್ಪಾಡು ಮಾಡಿತು.

ಬೆಂಗಳೂರು ಮತ್ತು ಐಜ್ವಾಲ್

ಯುರೋಪಿನಲ್ಲಿ ಜನ ತಡೆದದ್ದು ನಮ್ಮಲ್ಲಿ ಸದ್ದಿಲ್ಲದೆ ನಡೆದುಹೋಗಿತ್ತು. 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 15 ವರ್ಷಗಳಿಗೆ 700 ಕೋಟಿ ರೂಪಾಯಿಗೆ ತನ್ನ ವಾಣಿಜ್ಯ ಹಕ್ಕುಗಳನ್ನು ಐಎಂಜಿ-ರಿಲಯನ್ಸ್‌ಗೆ ಕೊಟ್ಟಿತು. ಆ ಒಪ್ಪಂದದಿಂದ 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಹುಟ್ಟಿತು. ಎಂಟು ತಂಡ, ಏಣಿ ಇಲ್ಲದ ಅಟ್ಟ. ಕೋಲ್ಕತ್ತದ ತಂಡದಲ್ಲಿ ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್ ಪಾಲುದಾರನಾಯಿತು.

2017ರ ಬೇಸಿಗೆಯಲ್ಲಿ ಈ ರಚನೆಯ ಅಸಲು ರೂಪ ಕಂಡಿತು. ಅದುವರೆಗೂ ಇದ್ದ ಐ-ಲೀಗನ್ನು ಆ ವರ್ಷ ಗೆದ್ದದ್ದು ಮಿಜೋರಾಮಿನ ಐಜ್ವಾಲ್. ಆದರೂ ಸೂಪರ್ ಲೀಗಿನ ಬಾಗಿಲು ಅದಕ್ಕೆ ತೆರೆಯಲಿಲ್ಲ. ತೆರೆದದ್ದು ಜೆಎಸ್‌ಡಬ್ಲ್ಯು ಒಡೆತನದ ಬೆಂಗಳೂರು ಎಫ್‌ಸಿಗೆ. ಬೆಂಗಳೂರು ದುರ್ಬಲ ತಂಡವೇನಲ್ಲ. ಐ-ಲೀಗನ್ನು ಎರಡು ಸಲ ಗೆದ್ದಿತ್ತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತ್ತು. ಆದರೆ ಅದು ಒಳಹೊಕ್ಕದ್ದು ಗೆಲುವಿನಿಂದಲ್ಲ, ಬಿಡ್ ಸಲ್ಲಿಸಿ. ಮೈದಾನದ ಗೆಲುವಿನಿಂದ ಮೇಲೇರಿದ ಮೊದಲ ತಂಡವನ್ನು ಕಾಣಲು 2023ರವರೆಗೆ ಕಾಯಬೇಕಾಯಿತು. ಅದು ಪಂಜಾಬ್ ಎಫ್‌ಸಿ.

ಬಂದವರು, ಹೋದವರು

ವಿದೇಶಿ ಬಂಡವಾಳದಿಂದ ಲಾಭವೇ ಇಲ್ಲ ಎನ್ನುವಂತಿಲ್ಲ. ಮ್ಯಾಂಚೆಸ್ಟರ್ ಸಿಟಿಯ ಒಡೆಯರಾದ ಸಿಟಿ ಫುಟ್‌ಬಾಲ್ ಗ್ರೂಪ್ 2019ರ ನವೆಂಬರಿನಲ್ಲಿ ಮುಂಬಯಿ ಸಿಟಿಯ ಶೇಕಡಾ 65ರಷ್ಟು ಪಾಲು ಕೊಂಡಿತು. ನಂತರ ಆ ತಂಡ ಎರಡು ಸಲ ಲೀಗಿನ ಕಪ್ ಗೆದ್ದಿತು. 2022ರಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗಿನಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಕ್ಲಬ್ ಎನಿಸಿತು.

ಆದರೆ 15 ವರ್ಷಗಳ ಒಪ್ಪಂದ ಮುಗಿಯುತ್ತ ಬಂದಂತೆ ಲೀಗಿನ ಭವಿಷ್ಯವೇ ತೂಗುಯ್ಯಾಲೆಯಾಯಿತು. 2025ರ ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಡಿಸೆಂಬರಿನಲ್ಲಿ ಸಿಟಿ ಗ್ರೂಪ್ ತನ್ನ ಪಾಲನ್ನು ಮೊದಲಿನ ಒಡೆಯರಿಗೇ ಒಪ್ಪಿಸಿ ಹೊರಡುವುದಾಗಿ ಪ್ರಕಟಿಸಿತು. ಹಲವು ದೇಶಗಳಲ್ಲಿ ಕ್ಲಬ್ಬುಗಳಿರುವ ಸಂಸ್ಥೆಗೆ ಮುಂಬಯಿ ಒಂದು ಶಾಖೆ. ಶಾಖೆ ಮುಚ್ಚಬಹುದು. ಮುಂಬಯಿಯ ಅಭಿಮಾನಿಗೆ ಹೋಗಲು ಬೇರೆ ಶಾಖೆ ಎಲ್ಲಿದೆ? ದೇಶಿ ಒಡೆಯರೂ ಇದಕ್ಕೆ ಹೊರತಲ್ಲ. ದೆಹಲಿಯ ತಂಡ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಊರವರನ್ನು ಯಾರೂ ಕೇಳಲಿಲ್ಲ.

ಒಬ್ಬನಿಗೆ ಒಂದು ಮತ

ಜರ್ಮನಿ ಬೇರೆ ದಾರಿ ಹಿಡಿದಿದೆ. 1998ರಲ್ಲಿ ಅಲ್ಲಿ ಕ್ಲಬ್ಬುಗಳು ಕಂಪನಿಯಾಗಲು ಅವಕಾಶ ಸಿಕ್ಕಾಗ, ಅರ್ಧಕ್ಕಿಂತ ಹೆಚ್ಚು ಮತಗಳು ಕ್ಲಬ್ಬಿನ ಸದಸ್ಯರ ಸಂಘದ ಬಳಿಯೇ ಇರಬೇಕೆಂಬ ನಿಯಮ ಬಂತು. ಬಾಯರ್ ಕಂಪನಿಯ ಲೆವರ್‌ಕುಸೆನ್, ಫೋಕ್ಸ್‌ವ್ಯಾಗನ್ನಿನ ವೋಲ್ಫ್ಸ್‌ಬರ್ಗ್‌ನಂಥ ವಿನಾಯಿತಿಗಳುಂಟು. ಆದರೂ 2021ರ ಸೂಪರ್ ಲೀಗಿಗೆ ಜರ್ಮನಿಯ ಒಂದು ಕ್ಲಬ್ಬೂ ಸೇರಲಿಲ್ಲ ಎಂಬುದು ಗಮನಾರ್ಹ.

ಚಿಕ್ಕೋಡಿ ಸೀಮೆಯವರಿಗೆ ಈ ನಿಯಮ ಬಿಡಿಸಿ ಹೇಳಬೇಕಿಲ್ಲ. ದೂಧಗಂಗಾ ಕೃಷ್ಣಾದಂಥ ಸಹಕಾರಿ ಸಕ್ಕರೆ ಕಾರ್ಖಾನೆಯ ಶೇರುದಾರನಿಗೆ ಹತ್ತು ಎಕರೆ ಕಬ್ಬಿರಲಿ, ಒಂದು ಎಕರೆ ಇರಲಿ, ಸಹಕಾರಿ ಕಾಯ್ದೆಯಲ್ಲಿ ಮತ ಒಂದೇ. ಸಹಕಾರಿಯಲ್ಲಿ ರಾಜಕೀಯ ಉಂಟು, ಸಾಲ ಉಂಟು, ಜಗಳ ಉಂಟು. ಆದರೆ ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಹಕ್ಕೂ ಉಂಟು. ಹೊರದೇಶದ ಒಡೆಯನ ಕ್ಲಬ್ಬಿನಲ್ಲಿ ಅಭಿಮಾನಿಗೆ ಇಲ್ಲದಿರುವುದು ಅದೇ.

ಹಣ ಎಲ್ಲಿಂದಾದರೂ ಬರಲಿ. ಆದರೆ ಗೆದ್ದವನು ಮೇಲೇರುವ ಏಣಿಯೂ, ತಂಡ ಯಾವ ಊರಿನದೆಂಬ ತೀರ್ಮಾನವೂ ಹಣದೊಂದಿಗೆ ಮಾರಾಟವಾಗಬಾರದು. ಕೊಲ್ಹಾಪುರದ ತಾಲೀಮುಗಳಿಗೆ ಅಂತರರಾಷ್ಟ್ರೀಯ ಕೋಚುಗಳಿಲ್ಲ, ಕೋಟಿಗಳ ಲೆಕ್ಕವಿಲ್ಲ. ಹಾಗೆಯೇ, ಅವುಗಳನ್ನು ಬೇರೆ ಊರಿಗೆ ಒಯ್ಯಬಲ್ಲವರೂ ಇಲ್ಲ.