ಕ್ಯಾಲಿಪರ್ ದೊಡ್ಡದಾಯಿತು, ಪೆಡಲ್ ಆಳಕ್ಕಿಳಿಯಿತು

ಮುಳಬಾಗಿಲು ದಾಟಿ, ನಂಗಲಿಯ ಗಡಿ ಹಿಂದಿಕ್ಕಿ, ಪಲಮನೇರಿನ ಆಚೆ ಚಿತ್ತೂರಿನ ಕಡೆಗೆ ಇಳಿಯುವವರಿಗೆ ಮೊಗಿಲಿ ಘಾಟಿ ಗೊತ್ತು. ಬ್ರೇಕಿನ ನಿಜಬಣ್ಣ ಬಯಲಾಗುವ ಇಳಿಜಾರು ಅದು. ಇತ್ತ ಮಾಲೂರಿನ ಮಗ್ಗುಲಲ್ಲೇ ಹಾದುಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ವೇಯ ಕರ್ನಾಟಕದ ಭಾಗ 2024ರ ಕೊನೆಗೆ ಸಂಚಾರಕ್ಕೆ ತೆರೆದುಕೊಂಡಿತು. 60 ಕಿ.ಮೀ. ವೇಗದ ಕಾರನ್ನು ನಿಲ್ಲಿಸುವಾಗ ಹುಟ್ಟುವ ಶಾಖದ ನಾಲ್ಕರಷ್ಟು 120ರ ವೇಗದಲ್ಲಿ ಹುಟ್ಟುತ್ತದೆ. ಹಳೆಯ ಕಾರಿಗೆ ಹೊಸ ಎಂಜಿನ್, ಅಗಲ ಟೈರು ಹಾಕಿಸಿದವರು ಮುಂದಿನ ಚಕ್ರಕ್ಕೆ ದೊಡ್ಡ ಕ್ಯಾಲಿಪರ್ ಕೇಳುವುದು ಸಹಜವೇ.

ತೊಡಕು ಶುರುವಾಗುವುದು ಆಮೇಲೆ. ಪೆಡಲ್ ಮೊದಲಿಗಿಂತ ಒಳಕ್ಕೆ ಹೋಗುತ್ತದೆ. 'ಏರ್ ಹಿಡಿದಿದೆ' ಎಂದು ಮೆಕ್ಯಾನಿಕ್ ಮತ್ತೆ ಮತ್ತೆ ಬ್ಲೀಡ್ ಮಾಡುತ್ತಾನೆ. ಬ್ರೇಕ್ ಆಯಿಲ್ ಖರ್ಚಾಗುತ್ತದೆಯೇ ಹೊರತು ಪೆಡಲ್ ಮೇಲೇರುವುದಿಲ್ಲ. ಏಕೆಂದರೆ ಅಲ್ಲಿ ಗಾಳಿಯೇ ಇಲ್ಲ!

ದೋಷವಿರುವುದು ಲೆಕ್ಕದಲ್ಲಿ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಆಯಿಲನ್ನು ಕ್ಯಾಲಿಪರಿಗೆ ತಳ್ಳುತ್ತದೆ. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದಷ್ಟೂ ಅದನ್ನು ಅಷ್ಟೇ ದೂರ ಸರಿಸಲು ಹೆಚ್ಚು ಆಯಿಲ್ ಬೇಕು. ಪಿಸ್ಟನ್ನಿನ ವ್ಯಾಸವನ್ನು ಅದರಿಂದಲೇ ಗುಣಿಸಿ ಹೋಲಿಸಿದರೆ ಸಾಕು. 48 ಮಿ.ಮೀ.ಗೆ 2304, 54 ಮಿ.ಮೀ.ಗೆ 2916. ಅಂದರೆ ಮುಂಚಕ್ರಗಳು ಶೇ 27ರಷ್ಟು ಹೆಚ್ಚು ಆಯಿಲ್ ಕೇಳುತ್ತವೆ. ನಾಲ್ಕು ಪಿಸ್ಟನ್ನಿನ ಕ್ಯಾಲಿಪರಾದರೆ ಒಂದು ಬದಿಯ ಎರಡನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. 34 ಮಿ.ಮೀ.ನ ಎರಡು ಪಿಸ್ಟನ್ನಿಗೆ ಬರುವುದು 2312. ನೋಡಲು ಭಾರಿ ಗಾತ್ರವಾದರೂ ಅದು ಹಳೆಯ 48ಕ್ಕೇ ಸಮ. ಮಾಸ್ಟರ್ ಸಿಲಿಂಡರ್ ಮುಟ್ಟಬೇಕಾಗಿಲ್ಲ. ಈ ಗುಣಾಕಾರವನ್ನು ಬಿಡಿಭಾಗ ಕೊಳ್ಳುವ ಮುಂಚೆಯೇ ಮಾಡಿದವರ ಹಣ ಉಳಿಯುತ್ತದೆ.

ಇನ್ನು 54ನ್ನೇ ಹಾಕಿಸಿದವರು ಮಾಸ್ಟರ್ ಸಿಲಿಂಡರನ್ನೂ ದೊಡ್ಡದು ಮಾಡುತ್ತಾರೆ. 13/16 ಇಂಚಿನ ಬೋರ್ ತೆಗೆದು 7/8 ಇಂಚಿನದು ಕೂರಿಸಿದರೆ ಒಂದೇ ಒತ್ತಿಗೆ ಶೇ 16ರಷ್ಟು ಹೆಚ್ಚು ಆಯಿಲ್ ಸಾಗುತ್ತದೆ, ಪೆಡಲ್ ಮೇಲೆ ಬರುತ್ತದೆ. ಆದರೆ ಪುಕ್ಕಟೆಯಲ್ಲ. ಕಾಲಿನ ಬಲ ಅಷ್ಟೇ ಇದ್ದರೆ ಪೈಪಿನೊಳಗಿನ ಒತ್ತಡ ಶೇ 14ರಷ್ಟು ಇಳಿಯುತ್ತದೆ. ಕ್ಯಾಲಿಪರಿನಿಂದ ಬಂದ 27ರ ಲಾಭದಲ್ಲಿ ಕೊನೆಗೆ ಕೈಗೆ ಸಿಗುವುದು 9 ಮಾತ್ರ. 'ಇರಲಿ' ಎಂದು ಇನ್ನೂ ದೊಡ್ಡ ಬೋರ್ ಹಾಕಿದರೆ ಪೆಡಲ್ ಕಲ್ಲಿನಂತಾಗುತ್ತದೆ. ಗಟ್ಟಿ ಪೆಡಲ್ ಎಂದರೆ ಒಳ್ಳೆಯ ಬ್ರೇಕ್ ಎಂಬ ಭ್ರಮೆ ಅನೇಕರಿಗಿದೆ. ನಿಲ್ಲಿಸಬೇಕಾದಾಗ ಎರಡು ಕಾಲೂ ಸಾಲದಾಗಬಹುದು.

ಹಿಂಚಕ್ರಗಳನ್ನು ಮರೆಯುವುದು ಇನ್ನೊಂದು ತಪ್ಪು. ಅಲ್ಲಿನ ಡ್ರಮ್ಮುಗಳು ಹಳೆಯವೇ, ಆದರೆ ಒತ್ತಡ ಅವಕ್ಕೂ ಇಳಿದಿರುತ್ತದೆ. ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದಿಂದ ಹಿಂದುಗಡೆ ಕ್ರೇಟು ತುಂಬಿಕೊಂಡು ಹೊರಡುವ ಜೀಪಿನಲ್ಲಿ ಭಾರವೆಲ್ಲ ಹಿಂಚಕ್ರದ ಮೇಲೆ. ದುಡಿಯಬೇಕಾದ ಹೊತ್ತಿನಲ್ಲೇ ಹಿಂಬ್ರೇಕು ಸೊರಗಿರುತ್ತದೆ.

ಘಾಟಿಯ ಶಾಖವೇ ಚಿಂತೆಯಾದರೆ ಹಳೆಯ ಅಳತೆಯ ಪಿಸ್ಟನ್ನನ್ನೇ ಉಳಿಸಿಕೊಂಡು ಅಗಲವಾದ, ದಪ್ಪನೆಯ ಡಿಸ್ಕ್ ಹಾಕಿಸುವುದು ಲೇಸು. ಆಯಿಲಿನ ಲೆಕ್ಕ ಕೆಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ಹೊರತಾದ ಮಾರ್ಪಾಟಿಗೆ ತಡೆಯೊಡ್ಡುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದ್ದರಿಂದ ಕೋಲಾರದ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಯೇ ಸ್ಪ್ಯಾನರ್ ಎತ್ತಬೇಕು. ಕೆಲಸ ಮುಗಿದ ಮೇಲಿನ ಪರೀಕ್ಷೆ ಖಾಲಿ ಮೈದಾನದಲ್ಲಿ, 20 ಕಿ.ಮೀ. ವೇಗದಲ್ಲಿ ನಡೆಯಲಿ. ಮೊದಲು ಖಾಲಿ ಗಾಡಿ, ಆಮೇಲೆ ಹೊರೆ ತುಂಬಿದ್ದು.