ನೊಗ ಇಳಿಸಿದ ಸೋಮವಾರ

ದಾವಣಗೆರೆ ಜಿಲ್ಲೆಯ ಊರುಗಳನ್ನು ಸುತ್ತಬೇಕೆಂದರೆ ಸುಗ್ಗಿಯ ಚಳಿಗಾಲವೇ ಸರಿ. 1997ರಲ್ಲಿ ಜಿಲ್ಲೆ ಹುಟ್ಟಿದಾಗ ಜಗಳೂರು ಚಿತ್ರದುರ್ಗದಿಂದ ಬಂತು, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಹೊನ್ನಾಳಿಯ ಮಗ್ಗುಲಿನ ನ್ಯಾಮತಿ 2018ರಲ್ಲಿ ಬೇರೆ ತಾಲ್ಲೂಕಾಯಿತು. ಹೀಗಾಗಿ ಬಯಲುಸೀಮೆಯ ಒಣಗಾಳಿಯೂ ಮಲೆನಾಡಿನ ಸೆರಗೂ ಇಲ್ಲಿ ಒಟ್ಟಿಗೇ ಸಿಗುತ್ತವೆ.

ನಾನು ಜಗಳೂರಿನ ಕಡೆ ಹೋದದ್ದು ಸೋಮವಾರ. ತೊಗರಿ ಕೊಯ್ಲಿಗೆ ಬಂದಿತ್ತು, ಡಾಂಬರು ರಸ್ತೆಯ ಅರ್ಧವನ್ನು ಮೆಕ್ಕೆಜೋಳ ಹಾಸಿಕೊಂಡಿತ್ತು. ಇಷ್ಟು ಕೆಲಸವಿದ್ದರೂ ಎತ್ತುಗಳು ಮಾತ್ರ ಬೇವಿನ ಮರದಡಿ ಮಲಗಿ ಮೆಲುಕು ಹಾಕುತ್ತಿದ್ದವು. ಸೋಮವಾರ ಶಿವನ ವಾರ. ಎತ್ತು ಅವನ ವಾಹನ, ಸಾಕ್ಷಾತ್ ಬಸವಣ್ಣ. ಅವತ್ತು ‘ನೊಗ ಮುಟ್ಟಂಗಿಲ್ಲ’ ಎನ್ನುತ್ತಾರೆ ರೈತರು, ಅದಕ್ಕಿಂತ ಹೆಚ್ಚಿನ ವಿವರಣೆ ಅವರಿಗೆ ಬೇಕಿಲ್ಲ. ಎತ್ತಿನ ಮೈ ತೊಳೆಯುವುದು, ಹಗ್ಗ ಹೊಸೆಯುವುದು, ಕುಂಟೆಯ ಕುಡ ಹಣಿಸಲು ಕುಲುಮೆಗೆ ಒಯ್ಯುವುದು, ಸಂತೆ, ನೆಂಟರ ಮನೆ ಇವೆಲ್ಲ ಆ ದಿನಕ್ಕೆ ಮೀಸಲು. ಯೆಹೂದಿಗಳ ಸಬ್ಬತ್ ನಿಯಮವೂ ಮನುಷ್ಯನ ಜೊತೆಗೆ ಎತ್ತು ಮತ್ತು ಕತ್ತೆಯ ವಿಶ್ರಾಂತಿಯನ್ನು ಹೆಸರಿಸುತ್ತದೆ. ಇಲ್ಲಿ ಕ್ರಮ ತಿರುಗಿದೆ: ರಜೆ ಮೊದಲು ಎತ್ತಿನದು, ಅದು ಸಿಕ್ಕಿದ್ದರಿಂದಲೇ ಒಡೆಯನಿಗೂ ಸಿಕ್ಕಿತು. ಸಗಣಿ ಬಾಚುವ, ಹಾಲು ಕರೆಯುವ, ರೊಟ್ಟಿ ತಟ್ಟುವ ಹೆಂಗಸರಿಗೆ ಮಾತ್ರ ಈ ಸೋಮವಾರ ಎಂದೂ ಬರಲಿಲ್ಲ.

ಜಗಳೂರು ಬರಕ್ಕೆ ಹೆಸರಾದ ನೆಲ. ತುಂಗಭದ್ರೆಯ ನೀರನ್ನು ಮೇಲೆತ್ತಿ ಇಲ್ಲಿನ ಕೆರೆಗಳಿಗೆ ತುಂಬಿಸುವ ಯೋಜನೆಯ ಮೇಲೆ ಎಲ್ಲರ ಕಣ್ಣು. ಆದರೂ ಬೆಳೆ ಕೈಗೆ ಬಂದರೆ ರೈತ ಮೊದಲು ಹೇಳುವುದು ‘ದೇವ್ರು ಕೊಟ್ಟ’ ಎಂದೇ. ಕಣದಲ್ಲಿ ರಾಶಿಯಾದ ಮೇಲೆ ಸಗಣಿಯ ಬೆನಕನಿಗೆ ಗರಿಕೆ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಅಳೆಯಲು ಕೂತರೆ ಮೊದಲ ಅಳತೆಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಹಿಂದೆ ದೇವರ ಪಾಲು ತೆಗೆದು, ಬಡಿಗ, ಕಮ್ಮಾರ, ಅಗಸರಿಗೆ ಆಯ ಕೊಟ್ಟು, ಕಣಕ್ಕೆ ಬಂದು ಬೇಡಿದವರಿಗೆ ಮೊರ ತುಂಬಿಸಿದ ಮೇಲೆ ಉಳಿದದ್ದು ಮನೆಯ ಪಾಲು. ತನ್ನದಲ್ಲವೆಂದು ಒಪ್ಪಿಕೊಂಡವನು ಮಾತ್ರ ತನ್ನ ಸರದಿಯನ್ನು ಕೊನೆಗಿಡಬಲ್ಲ.

ಹೊನ್ನಾಳಿಗೆ ಬಂದರೆ ನೋಟವೇ ಬೇರೆ. ಕೂಡಲಿಯಲ್ಲಿ ಒಂದಾದ ತುಂಗೆ ಮತ್ತು ಭದ್ರೆ ಊರಿನ ಪಕ್ಕದಲ್ಲೇ ಹರಿಯುತ್ತವೆ. ಸಂಕ್ರಾಂತಿಗೆ ಜನ ಹೊಳೆಯಲ್ಲಿ ಮಿಂದು, ಬುತ್ತಿ ಬಿಚ್ಚುತ್ತಾರೆ. ನೀರಾವರಿ ಗದ್ದೆಗಳಲ್ಲಿ ಮಳೆಗಾಲದ ಭತ್ತ ಎದ್ದ ಬೆನ್ನಿಗೇ ಬೇಸಿಗೆ ಭತ್ತದ ಸಸಿಮಡಿ. ಕೊಯ್ಯುವ ಯಂತ್ರಕ್ಕೆ ಗಂಟೆಯ ಲೆಕ್ಕದ ಬಾಡಿಗೆ. ಅದಕ್ಕೆ ವಾರ ಗೊತ್ತಿಲ್ಲ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಗುರು ಸೇವಾಲಾಲರ ಜನ್ಮಸ್ಥಳ. ಅವರು ಹುಟ್ಟಿದ್ದು 1739ರ ಫೆಬ್ರುವರಿ 15ರಂದು ಎನ್ನುತ್ತಾರೆ. ಚಳಿ ಹಿಂದೆಗೆಯುವ ಆ ದಿನಗಳಲ್ಲಿ ಇಲ್ಲಿ ದೊಡ್ಡ ಜಾತ್ರೆ. ದೂರದ ರಾಜ್ಯಗಳ ತಾಂಡಾಗಳಿಂದಲೂ ಜನ ಬರುತ್ತಾರೆ. ಉಪ್ಪು, ಧಾನ್ಯವನ್ನು ಎತ್ತುಗಳ ಮೇಲೆ ಹೇರಿಕೊಂಡು ನಾಡಿಂದ ನಾಡಿಗೆ ನಡೆದ ಸಮುದಾಯ ಇದು. ಎತ್ತು ದಣಿದಲ್ಲೇ ಆಗ ಬಿಡಾರ.

ಚನ್ನಗಿರಿಯಲ್ಲಿ ಅಡಿಕೆಯದೇ ರಾಜ್ಯ. ಕೊನೆಯ ಕೊಯ್ಲಿನ ಗೊನೆಗಳು ಇಳಿಯುತ್ತಿರುತ್ತವೆ. ಸುಲಿಯುವುದು, ಚೊಗರು ಬೆರೆಸಿ ಬೇಯಿಸುವುದು, ಅಂಗಳದಲ್ಲಿ ಹರವಿ ಒಣಗಿಸುವುದು. ಹಸಿ ಅಡಿಕೆ ಕಾಯುವುದಿಲ್ಲವಾದ್ದರಿಂದ ಒಲೆಯೂ ಆರುವುದಿಲ್ಲ. ತಾಲ್ಲೂಕಿನ ಹೊಲ-ತೋಟಗಳಿಗೆ ನೀರುಣಿಸುವ ಸೂಳೆಕೆರೆ, ಅಂದರೆ ಶಾಂತಿಸಾಗರದ ಏರಿ ಮೇಲೆ ನಿಂತರೆ ಆಚೆ ದಡ ಮಸುಕಾಗಿ ಕಾಣುತ್ತದೆ. ಶಾಂತವ್ವ ಕಟ್ಟಿಸಿದಳೆಂದು ಜನ ನೆನೆಯುವ ಈ ಕೆರೆಯ ನೀರನ್ನು ಚಿತ್ರದುರ್ಗದವರೂ ಕುಡಿಯುತ್ತಾರೆ.

ನಾಲ್ಕೂ ತಾಲ್ಲೂಕು ಸುತ್ತಿದ ಮೇಲೆ ಒಂದು ಲೆಕ್ಕ ಎದ್ದು ಕಾಣುತ್ತದೆ. ಎತ್ತಿಗೆ ವರ್ಷಕ್ಕೆ 52 ಸೋಮವಾರ ಬಿಡುವಿತ್ತು. ಅದರ ಜಾಗಕ್ಕೆ ಬಂದ ಟ್ರ್ಯಾಕ್ಟರಿಗೆ ಕುಂಕುಮ, ಬೂದುಗುಂಬಳ ಸಿಗುವುದು ಆಯುಧಪೂಜೆಯ ಒಂದೇ ದಿನ. ಯಂತ್ರ ದಣಿಯುವುದಿಲ್ಲ ನಿಜ, ಆದರೆ ದಣಿಯದ ಯಂತ್ರದ ಹಿಂದೆ ಬಿದ್ದ ಮನುಷ್ಯ ತನ್ನ ಸೋಮವಾರವನ್ನೂ ಕಳೆದುಕೊಂಡ. ದೇವರು ಕೊಟ್ಟ ಎಂಬ ಮಾತು ಇನ್ನೂ ನಾಲಗೆಯ ಮೇಲಿದೆ. ಕೊಟ್ಟದ್ದು ಸಾಕು ಎಂದು ಒಂದು ದಿನ ಕೈಕಟ್ಟಿ ಕೂರುವ ಧೈರ್ಯ ಎತ್ತಿನ ಜೊತೆಗೇ ಹೋಯಿತೇನೋ.

ಹೋಗುವವರಿಗೆ: ದಾವಣಗೆರೆಯಿಂದ ಎಲ್ಲ ಕಡೆಗೂ ಬಸ್ಸುಗಳಿವೆ. ಚನ್ನಗಿರಿ ದಾರಿಯಲ್ಲಿ ಸಂತೇಬೆನ್ನೂರಿನ ಪುಷ್ಕರಣಿ, ಜಗಳೂರಿನ ಹತ್ತಿರ ಕೊಂಡುಕುರಿಗಳ ರಂಗಯ್ಯನದುರ್ಗ ಅರಣ್ಯ ನೋಡಿಕೊಳ್ಳಿ. ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ರೈತರ ಜೊತೆ ಕೂತು ಮಾತಾಡುವ ಆಸೆಯಿದ್ದರೆ ಸೋಮವಾರವೇ ಹೋಗಿ, ಎತ್ತು ಕಟ್ಟಿದ ಮನೆಯನ್ನೇ ಹುಡುಕಿ.