ಸುಗ್ಗಿಯ ಕಾಲದಲ್ಲಿ ಮಕ್ಕಳ ಪಾಠ ತಪ್ಪದಿರಲಿ



ಬತ್ತದ ಪೈರು ಹೊಡೆ ಬಿಚ್ಚಿ ತೆನೆಯಲ್ಲಿ ಹಾಲು ಕಟ್ಟುವ ಸಮಯದಲ್ಲಿ ಗದ್ದೆಯ ನೀರು ಆರಿದರೆ ಏನಾಗುವುದೆಂಬುದನ್ನು ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಯವರೆಗೆ ಪಟ್ಟ ಶ್ರಮವೆಲ್ಲ ಜೊಳ್ಳಾಗಿ ಹೋಗುತ್ತದೆ. ಮಕ್ಕಳ ಓದಿನ ವರ್ಷಕ್ಕೂ ಅಂಥದೊಂದು ಸಮಯವುಂಟು. ದೀಪಾವಳಿ ಕಳೆದು ಮಾರ್ಚಿ ತಿಂಗಳು ಬರುವವರೆಗಿನ ಅವಧಿಯೇ ಅದು. ನಮ್ಮ ಸೊರಬ, ಶಿಕಾರಿಪುರದ ಸೀಮೆಯಲ್ಲಿ ಮನೆಯ ಕೆಲಸವೆಲ್ಲ ಒಟ್ಟಿಗೆ ಬಂದು ಬೀಳುವುದೂ ಆಗಲೇ. ಬತ್ತದ ಕೊಯ್ಲು, ಕಣದ ಕೆಲಸ, ಅಡಿಕೆಯ ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಆ ಮೇಲೆ ಶುಂಠಿ ಕೀಳುವುದು. ನಡುವೆ ಜಾತ್ರೆ, ಮದುವೆ.

ಮಗನನ್ನು ಶಾಲೆ ಬಿಡಿಸಬೇಕೆಂದು ಹೊರಡುವ ತಂದೆ ವಿರಳ. "ಇವತ್ತೊಂದು ದಿನ ಮನೆಯಲ್ಲಿರು" ಎನ್ನುತ್ತಾರೆ, ಅಷ್ಟೆ. ಈ ಒಂದೊಂದು ದಿನವನ್ನು ಕೂಡಿಸಿ ನೋಡಿ. ವಾರಕ್ಕೆ ಎರಡು ದಿನದಂತೆ ಹದಿನೈದು ವಾರ ತಪ್ಪಿದರೆ ಮೂವತ್ತು ದಿನಗಳಾದುವು. ಆರರಿಂದ ಎಂಟನೆಯ ತರಗತಿಗಳಿಗೆ ವರ್ಷಕ್ಕೆ 220 ದಿನ ಶಾಲೆ ನಡೆಯಬೇಕೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ವಿಧಿಸಿದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಶಾಲೆಯಿಂದ ಕೂರುವ ವಿದ್ಯಾರ್ಥಿಗೆ ಶೇಕಡಾ 75 ಹಾಜರಿ ಬೇಕು. 220 ದಿನಗಳ ಲೆಕ್ಕ ಹಿಡಿದರೂ 165 ದಿನ ಬಂದರೆ ಸಾಕಲ್ಲ, ಇನ್ನೂ 55 ದಿನ ನಮ್ಮ ಕೈಯಲ್ಲಿವೆಯಲ್ಲ ಎಂದು ಯಾರಾದರೂ ಲೆಕ್ಕ ಹಾಕಬಹುದು. ಈ ಲೆಕ್ಕವೇ ಮೋಸದ್ದು. ತಪ್ಪುವ ದಿನಗಳು ವರ್ಷದ ಉದ್ದಕ್ಕೂ ಚದರಿರುವುದಿಲ್ಲ, ಒಂದೇ ಕಡೆ ಗುಂಪಾಗಿ ಬೀಳುತ್ತವೆ. ಜೊತೆಗೆ ಜ್ವರ, ನೆಗಡಿಗೂ ಕೆಲವು ದಿನ ಹೋಗುತ್ತವೆ.

ಗುಂಪಾಗಿ ಬಿದ್ದರೆ ಆಗುವ ಹಾನಿಯನ್ನು ಗಣಿತದಲ್ಲಿ ಸ್ಪಷ್ಟವಾಗಿ ಕಾಣಬಹುದು. ಭಿನ್ನರಾಶಿಯ ಪಾಠ ಕೇಳದ ಹುಡುಗನಿಗೆ ಶೇಕಡಾ ಲೆಕ್ಕ ತಿಳಿಯದು. ಶೇಕಡಾ ತಿಳಿಯದವನಿಗೆ ಬಡ್ಡಿಯ ಲೆಕ್ಕ ತಿಳಿಯದು. ಎಂಟು ದಿನ ಬಿಟ್ಟು ಬಂದವನು ಒಂಬತ್ತನೆಯ ದಿನ ತರಗತಿಯಲ್ಲಿ ಕುಳಿತರೂ ಪಾಠದ ಹೊರಗೇ ಇರುತ್ತಾನೆ. ಉಪಾಧ್ಯಾಯರು ಪ್ರಶ್ನೆ ಕೇಳಿದಾಗ ತಲೆ ತಗ್ಗಿಸುತ್ತಾನೆ, ಹಿಂದಿನ ಸಾಲಿಗೆ ಸರಿಯುತ್ತಾನೆ. ಸ್ವಲ್ಪ ದಿನದಲ್ಲಿ ತಾನಾಗಿಯೇ, "ಅಪ್ಪಯ್ಯ, ಇವತ್ತು ತೋಟಕ್ಕೆ ನಾನೂ ಬರುತ್ತೇನೆ" ಎನ್ನುತ್ತಾನೆ. ಮಗನಿಗೆ ದುಡಿಮೆಯಲ್ಲಿ ಆಸಕ್ತಿ ಬಂತೆಂದು ತಾವು ಸಂತೋಷಪಡುತ್ತೀರಿ. ನಿಜವಾಗಿ ಅವನು ನಾಚಿಕೆಯಿಂದ ಓಡಿ ಬಂದಿರುತ್ತಾನೆ. ಅನೇಕ ಮಕ್ಕಳು ಶಾಲೆ ಬಿಡುವುದು ಹೀಗೆಯೇ, ಸದ್ದಿಲ್ಲದೆ.

ಹಾಗೆಂದು ಮಕ್ಕಳು ಮನೆಗೆಲಸ ಮುಟ್ಟಲೇಬಾರದೆಂದು ನಾವು ಹೇಳುತ್ತಿಲ್ಲ. ಶಾಲೆಯ ವೇಳೆ ಮುಗಿದ ಮೇಲೆ ಮತ್ತು ರಜೆಯಲ್ಲಿ ಮನೆಯವರ ಕಸುಬಿಗೆ ನೆರವಾಗುವುದನ್ನು, ಅದು ಅಪಾಯದ ಕೆಲಸವಲ್ಲದಿದ್ದರೆ, 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯೂ ತಡೆಯುವುದಿಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ಕೂಲಿಗೆ ಕಳುಹಿಸುವುದು ಮಾತ್ರ ಅಪರಾಧ. ಅಡಿಕೆ ತೂಗಿ ಲೆಕ್ಕ ಬರೆಯುವ ಹುಡುಗನು ಕಲಿಯುವುದೂ ಗಣಿತವೇ. ಆದರೆ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದವನು ಮರುದಿನ ಬೆಂಚಿನ ಮೇಲೆ ತೂಕಡಿಸದೆ ಏನು ಮಾಡಿಯಾನು? ಹಾಜರಿ ಪುಸ್ತಕದಲ್ಲಿ ಅವನು ಬಂದಂತೆಯೇ ಇರುತ್ತದೆ, ಪಾಠ ಮಾತ್ರ ಅವನಿಗೆ ಬಂದಿರುವುದಿಲ್ಲ. ಸಂಜೆ ಒಂದು ಗಂಟೆಯ ಕೆಲಸ, ಆ ಮೇಲೆ ಓದು, ಒಂಬತ್ತೂವರೆ ಹತ್ತಕ್ಕೆಲ್ಲ ನಿದ್ರೆ, ಇಷ್ಟನ್ನು ಗೊತ್ತುಮಾಡಿ. ಸುಲಿಯುವವರ ಮಾತು, ನಗೆ ಕೇಳುವ ಅಂಗಳದಿಂದ ದೂರದ ಕೋಣೆಯೊಂದರಲ್ಲಿ ದೀಪ ಕೊಡಿ.

ಹೆಣ್ಣುಮಕ್ಕಳ ಸಂಗತಿ ಬೇರೆ. ತಾಯಿ ಸುಲಿಯಲು ಹೋದರೆ ಕೂಸನ್ನು ನೋಡಿಕೊಳ್ಳಲು ಹಿರಿಯ ಮಗಳು ಮನೆಯಲ್ಲಿ ನಿಲ್ಲುತ್ತಾಳೆ. ಅವಳ ಗೈರುಹಾಜರಿ ಯಾರ ಕಣ್ಣಿಗೂ ದೊಡ್ಡದಾಗಿ ಕಾಣದು. ಮೂರು ವರ್ಷ ತುಂಬಿದ ಮಗುವನ್ನು ಅಂಗನವಾಡಿಗೆ ಬಿಡಬಹುದು. 2023ರಿಂದ ಈಚೆಗೆ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನೂ ತೆರೆಯಲಾಗಿದೆ. ತಮ್ಮಲ್ಲಿ ಇದೆಯೇ ಎಂದು ವಿಚಾರಿಸಿ. ಫಾಲ್ಗುಣ, ಚೈತ್ರದಲ್ಲಿ ಹತ್ತನೆಯ ತರಗತಿಯ ಹುಡುಗಿಗೆ ಸಂಬಂಧ ನೋಡಲು ಬರುವವರಿಗೆ, ಹದಿನೆಂಟು ತುಂಬದೆ ಮದುವೆ ಮಾಡುವುದು 2006ರ ಕಾಯಿದೆಯಂತೆ ಅಪರಾಧವೆಂದು ತಿಳಿಸಿ ಕಳುಹಿಸಿಬಿಡಿ.

ಓದುವ ಮಕ್ಕಳಿಗೆ ಶಾಲೆಯಲ್ಲೇ ಮಧ್ಯಾಹ್ನದ ಊಟ ಕೊಡುವ ಅಕ್ಷರ ದಾಸೋಹವು ನಮ್ಮ ರಾಜ್ಯದಲ್ಲಿ ಆರಂಭವಾದುದು 2002ರಲ್ಲಿ. ಆದರೆ ಆ ಕಲ್ಪನೆ ಈ ಸೀಮೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠದಲ್ಲಿ ವಿದ್ಯೆಯ ಜೊತೆಗೆ ಬಡವರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದು 1162ರ ಶಾಸನದಿಂದ ತಿಳಿಯುತ್ತದೆ.

ಇನ್ನು ತಾವು ಮಾಡಬಹುದಾದ ಒಂದು ಸುಲಭದ ಕೆಲಸ. ಜನವರಿ ಮೊದಲ ವಾರದಲ್ಲಿ ಒಂದು ದಿನ ಶಾಲೆಗೆ ಹೋಗಿ ಮಗುವಿನ ಹಾಜರಿಯನ್ನು ತಾವೇ ನೋಡಿ. ಓದು ಬಾರದ ತಂದೆತಾಯಂದಿರೂ ಸಂಕೋಚಪಡಬೇಕಾಗಿಲ್ಲ, ಉಪಾಧ್ಯಾಯರು ಎಣಿಸಿ ಹೇಳುತ್ತಾರೆ. ಯಾವ ಪಾಠದಲ್ಲಿ ಹಿಂದೆ ಬಿದ್ದಿದ್ದಾನೆಂದು ಕೇಳಿ. "ಹುಡುಗ ಹೇಗಿದ್ದಾನೆ?" ಎಂದು ಕೇಳಿದರೆ "ಪರವಾಗಿಲ್ಲ" ಎಂಬ ಉತ್ತರ ಬರುತ್ತದೆ. ಪಾಠದ ಹೆಸರು ಹಿಡಿದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಇರುವವರೂ ತಮ್ಮಂಥ ಪೋಷಕರೇ. ಕೊಯ್ಲಿನ ದಿನಗಳಲ್ಲಿ ಯಾರ ಮಕ್ಕಳು ಬರುತ್ತಿಲ್ಲವೆಂಬುದನ್ನು ಸಮಿತಿಯಲ್ಲಿಯೇ ಎತ್ತಬಹುದು.

ಕಷ್ಟಪಟ್ಟರೂ ಮಗು ಒಂದೆರಡು ವಿಷಯಗಳಲ್ಲಿ ತೇರ್ಗಡೆಯಾಗದೆ ಹೋದರೆ ಬೈದು ಬೆಂಗಳೂರಿನ ಹೋಟೆಲು ಕೆಲಸಕ್ಕೆ ಅಟ್ಟಬೇಡಿ. 2024ರಿಂದ ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಕಲ್ಪಿಸಲಾಗಿದೆ. ಅವುಗಳಲ್ಲಿ ಹೆಚ್ಚು ಬಂದ ಅಂಕಗಳನ್ನೇ ಉಳಿಸಿಕೊಳ್ಳಬಹುದು. ಮುಂದಿನ ಪರೀಕ್ಷೆಗೆ ಹೆಸರು ಕೊಡುವ ಅವಧಿ ಚಿಕ್ಕದಾಗಿರುತ್ತದೆ. ಆದುದರಿಂದ ಫಲಿತಾಂಶ ಬಂದ ದಿನವೇ ಮುಖ್ಯೋಪಾಧ್ಯಾಯರನ್ನು ಕಂಡು ಕಡೆಯ ದಿನಾಂಕವನ್ನು ಕೇಳಿ, ಮನೆಯ ಪಂಚಾಂಗದ ಮೇಲೆ ಗುರುತು ಹಾಕಿಕೊಳ್ಳಿ.